ಧರ್ಮಾದಾಯವೂ ದಾಸೋಹವೂ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗಳಗೇಶ್ವರನ ದೇವಾಲಯವು ಚಾಲುಕ್ಯರ ಕಾಲದಿಂದ ನಿಂತಿದೆ. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೋಚರಿಸದಿರದು. ದತ್ತಿಯನ್ನಿತ್ತವರು ಅರಸರೂ ಸಾಮಂತರೂ ಮಾತ್ರವಲ್ಲ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳು ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ತಮ್ಮ ವ್ಯವಹಾರದ ಮೇಲೆ ತಾವೇ ಆಯವನ್ನು ಕಟ್ಟಿಕೊಂಡು ನಂದಾದೀವಿಗೆಗೆ ಬಿಟ್ಟುಕೊಟ್ಟರು. ವ್ಯಾಪಾರ ನಡೆದಂತೆಲ್ಲ ಧರ್ಮವೂ ನಡೆಯಲೆಂಬುದು ಅವರ ಏರ್ಪಾಡು.

ಇದೇ ರೂಢಿಯು ಪೇಟೆಗಳಲ್ಲಿ ಧರ್ಮಾದಾಯವೆಂಬ ಹೆಸರಿನಿಂದ ಮುಂದುವರಿಯಿತು. ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ, ತೂಕ, ದಲಾಲಿಗಳ ಜೊತೆಗೆ ಧರ್ಮದ ಹೆಸರಿನ ಅಂಕಿಯೂ ಬಂದು ಕೂತಿತು. ಆ ಹಣದಿಂದ ಛತ್ರಗಳೂ ಪಾಠಶಾಲೆಗಳೂ ಎದ್ದುದುಂಟು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಕೊಟ್ಟವರು ಯಾರು? ಬ್ಯಾಡಗಿಯಂಥ ಪೇಟೆಗೆ ಮೆಣಸಿನಕಾಯಿಯ ಚೀಲವನ್ನು ತಂದಿಳಿಸುವ ರೈತನ ಪಟ್ಟಿಯಿಂದ ಧರ್ಮಾದಾಯವು ಕಡಿತವಾದರೆ, ದಾನವು ಅವನ ಬೆವರಿನದು. ಆದರೆ ಛತ್ರದ ಕಲ್ಲಿನ ಮೇಲೆ ಬರುವ ಹೆಸರು ಅಂಗಡಿಯ ಒಡೆಯನದು. ರೈತನಿಗೆ ತಾನೂ ದಾನಿಯೆಂಬುದು ತಿಳಿಯುವುದೇ ಇಲ್ಲ!

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಗಳು ಮುಂಬಯಿ ರಾಜ್ಯದಲ್ಲಿದ್ದಾಗ, 1950ರ ಸಾರ್ವಜನಿಕ ನ್ಯಾಸಗಳ ಶಾಸನವು ಈ ಮಾತನ್ನು ಸ್ಪಷ್ಟಪಡಿಸಿತು. ಅದರ 54ನೆಯ ಕಲಮಿನಂತೆ, ರೂಢಿಯ ಮೇರೆಗೆ ಧರ್ಮಕ್ಕೆಂದು ಎತ್ತಿದ ಹಣವು ವರ್ತಕನ ಸ್ವತ್ತಲ್ಲ. ಅವನು ಅದರ ನ್ಯಾಸಧಾರಿ ಮಾತ್ರ, ಲೆಕ್ಕವನ್ನೊಪ್ಪಿಸಲು ಬದ್ಧನು. ಸಂಪತ್ತಿಗೆ ತಾನು ಒಡೆಯನಲ್ಲ, ಭಂಡಾರಿ ಎಂದು ಶರಣರು ಹೃದಯಕ್ಕೆ ಹೇಳಿದುದನ್ನು ಶಾಸನವು ಖಾತೆಪುಸ್ತಕಕ್ಕೆ ಹೇಳಿತು.

ಈಗ ಆ ರೂಢಿಯು ಹೊಸ ವೇಷದಿಂದ ಬಂದಿದೆ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಂಪನಿಯು, ಗ್ರಾಹಕರು ತನ್ನ ಕಾರ್ಡನ್ನು ಬಳಸಿದಾಗಲೆಲ್ಲ ಸ್ವಾತಂತ್ರ್ಯದೇವಿಯ ಪ್ರತಿಮೆಯ ಜೀರ್ಣೋದ್ಧಾರಕ್ಕೆ ಒಂದು ಸೆಂಟು ಕೊಡುವುದಾಗಿ ಸಾರಿತು. ಸುಮಾರು 17 ಲಕ್ಷ ಡಾಲರುಗಳು ಕೂಡಿದವು. ಕಾರ್ಡಿನ ಬಳಕೆಯೂ ಏರಿತು. ಇಂದು ಸಾಬೂನು, ಚಹಾಪುಡಿಗಳ ಪೊಟ್ಟಣಗಳ ಮೇಲೂ ಇಂಥ ವಾಗ್ದಾನ ಕಾಣುತ್ತದೆ. ಇದು ಕಪಟವೆಂದು ಒಮ್ಮೆಲೇ ತೀರ್ಮಾನಿಸುವುದು ನ್ಯಾಯವಲ್ಲ. ಹಸಿದ ಮಗುವಿಗೆ ಅನ್ನ ಬಂದ ದಾರಿಗಿಂತ ಅನ್ನವೇ ಮುಖ್ಯ. ಆದರೂ ದಾನದಿಂದ ಮಾರಾಟ ಹೆಚ್ಚಲೆಂದು ಕೊಡುವವನು ದಾನವನ್ನೂ ಸರಕಿನ ಸಾಲಿನಲ್ಲಿಟ್ಟನು; ಕೊಳ್ಳುವವನು ಸಾಬೂನಿನೊಡನೆ ಪುಣ್ಯವೂ ಅಗ್ಗವಾಗಿ ದೊರೆಯಿತೆಂದು ತೃಪ್ತಿಗೊಂಡನು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2 ಪಾಲನ್ನು ಸಮಾಜಕ್ಕೆ ವೆಚ್ಚಮಾಡಬೇಕೆಂದು 2013ರ ಕಂಪನಿ ಶಾಸನವು ವಿಧಿಸಿದೆ. ವಿಧಿಸಿದುದನ್ನು ಸಲ್ಲಿಸುವುದು ಒಳ್ಳೆಯದೇ. ಅದಕ್ಕೆ ದಾಸೋಹವೆಂಬ ಹೆಸರು ಸಲ್ಲದು.

ದಾಸೋಹವು ಕೊಡುವ ಗಳಿಗೆಯಲ್ಲಿ ಅಲ್ಲ, ಗಳಿಸುವ ಗಳಿಗೆಯಲ್ಲೇ ಮೊದಲಾಗುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದರಿಂದ ಇನ್ನಷ್ಟು ಜಂಗಮರಿಗೆ ಉಣಿಸಬಹುದೆಂದು ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು. ಅತಿಯಾಸೆಯಿಂದ ಬಂದುದು ದಾಸೋಹದಿಂದ ಶುದ್ಧವಾಗದೆಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ತೂಕದಲ್ಲಿ ರೈತನಿಗೆ ಎರಡು ಸೇರು ತಪ್ಪಿಸಿ, ಜಾತ್ರೆಯಲ್ಲಿ ನಾಲ್ಕು ಚೀಲ ಅಕ್ಕಿ ಬೇಯಿಸುವವನನ್ನು ಅವಳ ಅಂಗಳದಲ್ಲಿ ನಿಲ್ಲಿಸಿ ನೋಡಬೇಕು.

ವರ್ತಕನಿಗೆ ದಾರಿಯಿಲ್ಲವೆಂದಲ್ಲ. ಸರಿಯಾದ ತೂಕ, ಸರಿಯಾದ ಬೆಲೆ, ಆಳಿಗೆ ಸರಿಯಾದ ಕೂಲಿ ಇವು ಸಂದ ಮೇಲೆ ಉಳಿದ ತನ್ನ ಪಾಲಿನಿಂದ ಕೊಡಲಿ. ಗ್ರಾಹಕನಿಂದ ಎತ್ತಿ ಕೊಟ್ಟುದಾದರೆ ಅವನ ಹೆಸರಿನಲ್ಲಿಯೇ ಕೊಡಲಿ, ಎಷ್ಟೆಂಬುದನ್ನು ಬರೆದು ತೋರಿಸಲಿ. ಇಂದಿನ ಪೊಟ್ಟಣದ ಮೇಲೆ ಅನೇಕ ವೇಳೆ ಕಾಣುವುದು "ಒಂದು ಅಂಶ" ಎಂಬ ಮಾತು ಮಾತ್ರ. ಹಿಂದಿನ ಸೆಟ್ಟಿಗಳು ಹೇರಿಗೆ ಎಷ್ಟು ಎಲೆ, ಗಾಣಕ್ಕೆ ಎಷ್ಟು ಎಣ್ಣೆ ಎಂಬುದನ್ನು ಊರೆಲ್ಲ ಕಾಣುವ ಕಲ್ಲಿನ ಮೇಲೆ ಕೊರೆಸಿದರು. ಅದರ ಕೆಳಗೆ, ಅದನ್ನು ತಪ್ಪಿಸಿದವರಿಗೆ ತಟ್ಟುವ ಶಾಪವನ್ನೂ ಕೊರೆಸಿದರು.