ಕೊಡಲಾರೆ ಎಂದವರನ್ನು ಏನೆನ್ನೋಣ?

ಕಳೆದ ತಪಸ್ಸುಕಾಲದಲ್ಲಿ ಒಂದು ಭಾನುವಾರ, ತಮಿಳು ಪೂಜೆ ಮುಗಿದು ನಮ್ಮ ಕನ್ನಡ ಪೂಜೆ ಶುರುವಾಗುವ ಮೊದಲು ಸಿಗುವ ಮುಕ್ಕಾಲು ಗಂಟೆಯಲ್ಲಿ ಯುವಜನರ ಕೂಟ ನಡೆಯಿತು. ವಿಷಯ ಅಂಗದಾನ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನೆಂದು ಫಾದರ್ ನನಗೇ ಮಾತಾಡಲು ಹೇಳಿದ್ದರು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಸ್ನಾನಿಕ ಯೊವಾನ್ನರು ಬೋಧಿಸಿದರಲ್ಲ, ಎರಡು ಕಿಡ್ನಿ ಇರುವವನಿಗೂ ಅದೇ ಮಾತು ಎಂದು ನಾನು ಭಾಷಣ ಮುಗಿಸಿದೆ. ಚಪ್ಪಾಳೆಯೂ ಬಿತ್ತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: "ಅಣ್ಣಾ, ಕೊಡೋದಕ್ಕೆ ಆಗುತ್ತೆ, ಆದರೆ ಕೊಡೋದಿಲ್ಲ ಅಂತ ಒಬ್ಬರು ಅಂದರೆ ಅದು ಪಾಪವಾ?"

ಅಷ್ಟರಲ್ಲಿ ಪೂಜೆಯ ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಡದಿರಲು ಬೇರೆ ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಎರಡು ಕ್ರಿಸ್ಮಸ್‌ಗಳ ಕಥೆ.

1952ರ ಕ್ರಿಸ್ಮಸ್ ಹೊತ್ತಿಗೆ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ಹದಿನಾರು ವರ್ಷದ ಒಬ್ಬ ಬಡಗಿ ಹುಡುಗ ಸಾಯುವ ಸ್ಥಿತಿಯಲ್ಲಿದ್ದ. ಎತ್ತರದಿಂದ ಬಿದ್ದು ಅವನ ಕಿಡ್ನಿ ಒಡೆದಿತ್ತು, ವೈದ್ಯರು ಅದನ್ನು ತೆಗೆದುಹಾಕಿದ್ದರು. ತೆಗೆದ ಮೇಲೆ ಗೊತ್ತಾಯಿತು, ಅವನಿಗೆ ಹುಟ್ಟಿನಿಂದ ಇದ್ದದ್ದೇ ಒಂದು ಕಿಡ್ನಿ. ತಾಯಿ ತನ್ನದನ್ನು ತೆಗೆದುಕೊಳ್ಳಿ ಎಂದು ವೈದ್ಯರ ಬೆನ್ನುಬಿದ್ದಳು. ಡಾ. ಜೀನ್ ಹ್ಯಾಂಬರ್ಗರ್ ಅವರ ತಂಡ ಒಪ್ಪಿತು. ಕಸಿ ಮಾಡಿದ ಕಿಡ್ನಿ ಕೂಡಲೇ ಕೆಲಸ ಮಾಡತೊಡಗಿತು. ಸುಮಾರು ಮೂರು ವಾರ ಕಳೆದ ಮೇಲೆ ಮಗನ ದೇಹ ಅದನ್ನು ತಿರಸ್ಕರಿಸಿತು. ಹುಡುಗ ತೀರಿಕೊಂಡ.

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರೊನಾಲ್ಡ್ ಹೆರಿಕ್ ಎಂಬ ಇಪ್ಪತ್ತಮೂರು ವರ್ಷದ ಯುವಕನ ಕಿಡ್ನಿಯನ್ನು ಅವನ ಅವಳಿ ಸಹೋದರ ರಿಚರ್ಡ್‌ಗೆ ಕಸಿ ಮಾಡಲಾಯಿತು. ರಿಚರ್ಡ್ ಬದುಕಿದ. ತನ್ನನ್ನು ನೋಡಿಕೊಂಡ ನರ್ಸನ್ನೇ ಮದುವೆಯಾದ, ಇಬ್ಬರು ಮಕ್ಕಳ ತಂದೆಯಾದ, ಎಂಟು ವರ್ಷ ಬಾಳಿದ. ಜಗತ್ತಿನಲ್ಲಿ ಯಶಸ್ವಿಯಾದ ಮೊದಲ ಅಂಗಕಸಿ ಎಂದು ಇತಿಹಾಸ ಹೇಳುವುದು ಇದನ್ನೇ. ಮಾಡಿದವರು ಡಾ. ಜೋಸೆಫ್ ಮರೆ, ನಮ್ಮವರೇ, ಕಥೋಲಿಕರು. ಯೇಸುಸಭೆಯವರ ಹೋಲಿ ಕ್ರಾಸ್ ಕಾಲೇಜಿನಲ್ಲಿ ಓದಿದವರು. 1990ರಲ್ಲಿ ಅವರಿಗೆ ನೊಬೆಲ್ ಬಂತು, ಮುಂದೆ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರೂ ಆದರು.

ಪ್ಯಾರಿಸ್ಸಿನ ತಾಯಿಯ ಪ್ರೀತಿ ಬೋಸ್ಟನ್ನಿನ ಸಹೋದರನ ಪ್ರೀತಿಗಿಂತ ಕಡಿಮೆಯಿತ್ತೇ? ಯಾರೂ ಹಾಗೆ ಹೇಳಲಾರರು. ವ್ಯತ್ಯಾಸ ಇದ್ದದ್ದು ವಂಶವಾಹಿಗಳಲ್ಲಿ. ತಾಯಿಯಿಂದ ಮಗನಿಗೆ ಬರುವುದು ಅರ್ಧ, ಉಳಿದರ್ಧ ತಂದೆಯದು. ನಮ್ಮ ರಕ್ಷಣಾ ಕಣಗಳು 'ಇದು ನನ್ನದು, ಇದು ಪರರದು' ಎಂದು ಗುರುತಿಸುವುದಕ್ಕೆ ಬೇಕಾದ ಎಚ್‌ಎಲ್‌ಎ ಗುರುತುಗಳು ಆರನೆಯ ಕ್ರೋಮೋಸೋಮಿನಲ್ಲಿವೆ. ಒಡಹುಟ್ಟಿದವರಲ್ಲಿ ಅವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದಿಷ್ಟೂ ಹೊಂದದಿರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಸಮರೂಪಿ ಅವಳಿಗಳಲ್ಲಿ ಮಾತ್ರ ಈ ಲೆಕ್ಕವೇ ಇಲ್ಲ. ಒಂದೇ ಅಂಡ ಭ್ರೂಣವಾದ ಮೇಲೆ ಎರಡಾಗಿ ಒಡೆದು ಹುಟ್ಟಿದವರು ಅವರು, ಒಬ್ಬನ ಕಿಡ್ನಿಯನ್ನು ಇನ್ನೊಬ್ಬನ ದೇಹ ತನ್ನದೆಂದೇ ತಿಳಿಯುತ್ತದೆ.

ಇದು ಮರೆಯವರಿಗೆ ಹೊಳೆದದ್ದು ಯುದ್ಧದ ಕಾಲದಲ್ಲಿ. ಸೇನಾ ಆಸ್ಪತ್ರೆಯಲ್ಲಿ ಸುಟ್ಟ ಸೈನಿಕರಿಗೆ ಬೇರೆಯವರ ಚರ್ಮ ಹೊದಿಸಿದರೆ ಅದು ಕೆಲದಿನ ಇದ್ದು ಕರಗಿಹೋಗುತ್ತಿತ್ತು. ಸಮರೂಪಿ ಅವಳಿಗಳ ನಡುವೆ ಬದಲಿಸಿದ ಚರ್ಮ ಮಾತ್ರ ಉಳಿಯುತ್ತದೆ ಎಂದು ಅವರ ಹಿರಿಯ ಅಧಿಕಾರಿ ಡಾ. ಬ್ರೌನ್ 1937ರಲ್ಲೇ ಕಂಡಿದ್ದರು. ಹೆರಿಕ್ ಸಹೋದರರು ನಿಜಕ್ಕೂ ಸಮರೂಪಿಗಳೇ ಎಂದು ತಿಳಿಯಲೂ ರೊನಾಲ್ಡ್‌ನ ಚೂರು ಚರ್ಮವನ್ನು ರಿಚರ್ಡ್‌ಗೆ ಹಚ್ಚಿ ಕಾದರು, ಅದು ಅಂಟಿಕೊಂಡಿತು. ಬೆರಳಚ್ಚು ಹೋಲಿಸಲು ಪೊಲೀಸ್ ಠಾಣೆಗೂ ಕರೆದೊಯ್ದರಂತೆ, ಅಲ್ಲಿಂದಲೇ ಸುದ್ದಿ ಪತ್ರಿಕೆಯವರಿಗೆ ಸೋರಿತು. (ಸಮರೂಪಿ ಅವಳಿಗಳ ಬೆರಳಚ್ಚು ಹೋಲುತ್ತದೆ, ಒಂದೇ ಆಗಿರುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದು ನಾನು ಎರಡು ಅಂಕ ಕಳೆದುಕೊಂಡಿದ್ದೇನೆ.)

ವಿಜ್ಞಾನದ ತೊಡಕು ಹೀಗೆ ಬಿಡಿಸಿಕೊಂಡಿತು. ನೀತಿಯ ತೊಡಕು ಹಾಗೇ ಉಳಿಯಿತು. ವೈದ್ಯರ ಮೊದಲ ಪಾಠ ಹಾನಿ ಮಾಡಬೇಡ ಎಂಬುದು. ರೊನಾಲ್ಡ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಆರೋಗ್ಯವಂತನ ಹೊಟ್ಟೆ ಕೊಯ್ದು, ಅವನಿಗೆ ಎಳ್ಳಷ್ಟೂ ಪ್ರಯೋಜನವಿಲ್ಲದ ಶಸ್ತ್ರಚಿಕಿತ್ಸೆ ಮಾಡುವುದು ಸರಿಯೇ? ಮರೆ ಮತ್ತು ಸಂಗಡಿಗರು ವೈದ್ಯರನ್ನು, ವಕೀಲರನ್ನು, ಎಲ್ಲ ಧರ್ಮಗಳ ಗುರುಗಳನ್ನು ಕೇಳಿದರು. ನಮ್ಮ ಧರ್ಮಸಭೆಯ ಒಳಗೂ ಆಗ ಇದೇ ವಾದ ನಡೆದಿತ್ತು. ದೇಹದ ಒಂದು ಭಾಗವನ್ನು ಇಡೀ ದೇಹದ ಒಳಿತಿಗಾಗಿ ಕತ್ತರಿಸಬಹುದು, ಕೊಳೆತ ಕಾಲನ್ನು ತೆಗೆದ ಹಾಗೆ. ಬೇರೊಬ್ಬರ ಒಳಿತಿಗಾಗಿ ಕತ್ತರಿಸುವುದು ಅಂಗಭಂಗವಲ್ಲವೇ ಎಂದು ಹಲವು ದೈವಶಾಸ್ತ್ರಜ್ಞರು ಕೇಳಿದರು. ಯೇಸುಸಭೆಯ ಜೆರಾಲ್ಡ್ ಕೆಲ್ಲಿ ಮುಂತಾದವರು ಬೇರೆ ದಾರಿ ತೋರಿದರು: ಒಂದು ಕಿಡ್ನಿ ಹೋದರೂ ದೇಹದ ಕೆಲಸ ಕೆಡುವುದಿಲ್ಲ, ಪರಪ್ರೀತಿಗಾಗಿ ಅದನ್ನು ಕೊಡುವುದಕ್ಕೆ ಅಡ್ಡಿಯಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು 1956ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ನೀಡಿದ ಒಂದು ಎಚ್ಚರಿಕೆ. ಕೈ ದೇಹಕ್ಕೆ ಸೇರಿದ ಹಾಗೆ ಮನುಷ್ಯ ಸಮಾಜಕ್ಕೆ ಸೇರಿದವನಲ್ಲ ಎಂಬುದು ಅದರ ತಾತ್ಪರ್ಯ. ಕೈಗೆ ದೇಹದಾಚೆ ಬಾಳಿಲ್ಲ, ಮನುಷ್ಯನಿಗೆ ಸಮಾಜದಾಚೆಯೂ ಒಂದು ಬಾಳಿದೆ. ಹಾಗಾಗಿ ಇಡೀ ಗುಂಪಿನ ಒಳಿತಿಗಾಗಿ ನಿನ್ನ ಅಂಗ ಕೊಡು ಎಂದು ಯಾರ ಮೇಲೂ ಹಕ್ಕು ಚಲಾಯಿಸುವಂತಿಲ್ಲ. ಈ ಮಾತು ಸರಕಾರಕ್ಕೆ ಹೇಗೋ ಹಾಗೆ ಕುಟುಂಬಕ್ಕೂ ಅನ್ವಯಿಸುತ್ತದೆ ಎಂದು ನಾನು ತಿಳಿಯುತ್ತೇನೆ.

ಇದು ಎಷ್ಟು ನಾಜೂಕು ಎಂಬುದಕ್ಕೆ 1957ರ ಮೊಕದ್ದಮೆ ನೋಡಿ. ಅದೇ ಮ್ಯಾಸಚೂಸೆಟ್ಸ್ ರಾಜ್ಯ, ಮತ್ತೆ ಅವಳಿಗಳು, ಈ ಸಲ ಹತ್ತೊಂಬತ್ತು ವರ್ಷದವರು. ಆಗಿನ ಕಾನೂನಿನಲ್ಲಿ ಇಪ್ಪತ್ತೊಂದು ತುಂಬುವ ತನಕ ಅಪ್ರಾಪ್ತರು. ತನಗೆ ಲಾಭವಿಲ್ಲದ ಶಸ್ತ್ರಚಿಕಿತ್ಸೆಗೆ ಅಪ್ರಾಪ್ತ ಒಪ್ಪಬಹುದೇ? ಅಣ್ಣತಮ್ಮರಲ್ಲಿ ಒಬ್ಬ ಸತ್ತರೆ ಇನ್ನೊಬ್ಬನ ಮನಸ್ಸಿಗೆ ಆಳವಾದ ಪೆಟ್ಟು ಬೀಳುತ್ತದೆ, ಆದ್ದರಿಂದ ಕೊಡುವುದರಿಂದ ಕೊಡುವವನಿಗೂ ಲಾಭವಿದೆ ಎಂದು ನ್ಯಾಯಾಧೀಶರು ಒಪ್ಪಿಗೆ ಕೊಟ್ಟರು. ಓದಿದಾಗ ನನ್ನ ಮನಸ್ಸು ಕರಗಿತು. ಮತ್ತೊಮ್ಮೆ ಓದಿದಾಗ ಹೆದರಿಕೆಯಾಯಿತು. 'ಕೊಡದಿದ್ದರೆ ನಿನಗೇ ಜೀವನಪೂರ್ತಿ ಕೊರಗು' ಎಂಬ ಮಾತು ತೀರ್ಪಿನಲ್ಲಿ ಕರುಣೆಯಾಗಿ ಕಾಣಬಹುದು. ಅದೇ ಮಾತು ನಮ್ಮ ಮನೆಯ ಹಜಾರದಲ್ಲಿ ಬೆದರಿಕೆಯಾಗುತ್ತದೆ.

ಆಗಿದೆ ಕೂಡ. ನನ್ನ ಸೋದರಮಾವನಿಗೆ ಮೂರು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೊದಲು ಅಮ್ಮ ಮುಂದೆ ಬಂದರು, ಸಕ್ಕರೆ ಕಾಯಿಲೆ ಇದೆ ಎಂದು ವೈದ್ಯರು ಬೇಡವೆಂದರು. ಅತ್ತೆಯ ರಕ್ತದ ಗುಂಪು ಹೊಂದಲಿಲ್ಲ. ಉಳಿದದ್ದು ಚಿಕ್ಕಮ್ಮ. ಪರೀಕ್ಷೆಗಳೆಲ್ಲ ಹೊಂದಿದವು. ಕೊನೆಗೆ ಚಿಕ್ಕಮ್ಮ ಆಗುವುದಿಲ್ಲ ಎಂದರು. ಎರಡು ಚಿಕ್ಕ ಮಕ್ಕಳಿದ್ದಾರೆ, ನನಗೆ ಭಯ ಎಂದರು, ಅಷ್ಟೇ. ಆಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸಲಿಲ್ಲ. 'ಪ್ರಸಾದ ಹೇಗೆ ಸ್ವೀಕರಿಸುತ್ತಾಳೋ' ಎಂದು ಒಬ್ಬರು ಆಡಿದ್ದನ್ನು ನಾನೇ ಕೇಳಿದ್ದೇನೆ.

ನಾನು? ನನ್ನದು ಮಾವನ ರಕ್ತದ ಗುಂಪೇ. ಸೋದರಳಿಯ 1994ರ ಅಂಗಕಸಿ ಕಾನೂನಿನ ಹತ್ತಿರದ ಬಂಧುಗಳ ಪಟ್ಟಿಯಲ್ಲಿಲ್ಲ, ಸಮಿತಿಯ ಮುಂದೆ ಹೋಗಿ ಅನುಮತಿ ಪಡೆಯಬೇಕು ಎಂದು ತಿಳಿದ ದಿನ ನನಗೆ ಎಷ್ಟು ನಿರಾಳವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅನುಮತಿ ಕೇಳಬಹುದಿತ್ತು. ನಾನು ಕೇಳಲಿಲ್ಲ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಯಾಕೆ ಹಾಗೆ ಎಂದು ನಮ್ಮ ಮನೆಯಲ್ಲೇ ನೋಡಿದೆ. ಇಷ್ಟಾದ ಮೇಲೂ ಎರಡು ಅಂಗಿಯ ಉಪದೇಶ ಮಾಡಿದ್ದು ನಾನೇ.

ಇನ್ನು ಆ ಹುಡುಗಿಯ ಪ್ರಶ್ನೆ. ಪೋಪ್ ಎರಡನೆಯ ಜಾನ್ ಪಾಲ್ 1995ರ ತಮ್ಮ ವಿಶ್ವಪತ್ರದಲ್ಲಿ ಅಂಗದಾನವನ್ನು ದಿನನಿತ್ಯದ ವೀರತ್ವಕ್ಕೆ ಉದಾಹರಣೆಯಾಗಿ ಹೆಸರಿಸುತ್ತಾರೆ. ವೀರತ್ವ ಎಂದ ಮೇಲೆ ಅದು ಕಡ್ಡಾಯವಲ್ಲ. ಭಾನುವಾರದ ಪೂಜೆ ತಪ್ಪಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. 2000ದಲ್ಲಿ ರೋಮಿನಲ್ಲಿ ಕಸಿ ತಜ್ಞರೊಡನೆ ಮಾತಾಡುವಾಗಲೂ ಅವರು ಒತ್ತಿ ಹೇಳಿದ್ದು ತಿಳಿದು, ಸ್ವತಂತ್ರವಾಗಿ ಕೊಡುವ ಒಪ್ಪಿಗೆಯನ್ನು. ಬೇಡವೆನ್ನುವ ಬಾಗಿಲು ತೆರೆದಿಲ್ಲದಿದ್ದರೆ ಹೌದೆನ್ನುವುದಕ್ಕೆ ದಾನವೆಂಬ ಹೆಸರು ಹೇಗೆ ಸಲ್ಲುತ್ತದೆ? ಯೇಸುಸ್ವಾಮಿಯೂ ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವಾಗಿಯೇ ಕೊಡುತ್ತಿದ್ದೇವೆ ಎಂದರು.

ಹಾಗೆಂದು ಕೊಡದಿರುವುದಕ್ಕೆ ಎಂದೂ ದೋಷವಿಲ್ಲ ಎನ್ನಲೂ ನನಗೆ ಧೈರ್ಯವಿಲ್ಲ. ಚಿಕ್ಕಮ್ಮನ ಭಯಕ್ಕೂ ನನ್ನ ಜಾಣತನಕ್ಕೂ ವ್ಯತ್ಯಾಸವಿದೆ. ಅವರು ಎದುರು ನಿಂತು ಇಲ್ಲ ಎಂದರು, ನಾನು ಕಾನೂನಿನ ಹಿಂದೆ ಅಡಗಿದೆ. ಪಾಪಸಂಕೀರ್ತನೆಯಲ್ಲಿ ನಾನು ಹೇಳಿಕೊಂಡದ್ದು ಈ ಅಡಗುವಿಕೆಯನ್ನು. ಶ್ರೀಮಂತ ಯುವಕ ಮುಖ ಬಾಡಿಸಿಕೊಂಡು ಹೊರಟಾಗ ಯೇಸು ಅವನನ್ನು ತಡೆದು ನಿಲ್ಲಿಸಲಿಲ್ಲ. ಅವನನ್ನು ನೋಡಿ ಪ್ರೀತಿಸಿದರು ಎಂದು ಮಾರ್ಕನು ಮಾತ್ರ ಬರೆದಿದ್ದಾನೆ. ನಾವು ಚಿಕ್ಕಮ್ಮನನ್ನು ನೋಡಲೂ ಇಲ್ಲ.

ಬೋಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರಿಚರ್ಡ್ ಸಹೋದರನಿಗೆ ಒಂದು ಚೀಟಿ ಕಳಿಸಿದ, ಇಲ್ಲಿಂದ ಎದ್ದು ಮನೆಗೆ ಹೋಗು ಎಂದು. ರೊನಾಲ್ಡ್ ನಾನು ಹೋಗುವುದಿಲ್ಲ ಎಂದು ಮರುಚೀಟಿ ಬರೆದ. ರೊನಾಲ್ಡ್ ಮುಂದೆ ಐವತ್ತಾರು ವರ್ಷ ಒಂದೇ ಕಿಡ್ನಿಯಲ್ಲಿ ಬಾಳಿ 2010ರಲ್ಲಿ ತೀರಿಕೊಂಡ. ಅವನ ದಾನವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ರಿಚರ್ಡ್‌ನ ಚೀಟಿಯ ಮೇಲೆ ಹೆಚ್ಚು ಗೌರವ. ಸಾಯುತ್ತಿರುವವನು ಬಾಗಿಲು ತೆರೆದು ಹಿಡಿದ.

ಇದನ್ನು ಮಾವನಿಗೆ ಓದಿ ಹೇಳಿದೆ, ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ. ಅವರು ಏನೂ ಅನ್ನಲಿಲ್ಲ. ಮರುದಿನ ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿದರಂತೆ. "ಕಿಡ್ನಿ ಮಾತು ಬಿಡಮ್ಮಾ, ಹಬ್ಬಕ್ಕೆ ಮಕ್ಕಳನ್ನ ಕರ್ಕೊಂಡು ಬಾ" ಎಂದರಂತೆ. ಅವರಿಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಸಮಿತಿಗೆ ಸಲ್ಲಿಸುವ ಅರ್ಜಿಯನ್ನು ನಾನು ಕಳೆದ ವಾರ ತಂದಿದ್ದೇನೆ. ಇನ್ನೂ ತುಂಬಿಲ್ಲ.