ಹೂಳು ತೆಗೆಯದ ಕೆರೆ



ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಕೆರೆಯ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಣಿಗಲ್ಲಿನ ಕೆರೆಯನ್ನು ಜನಪದರು ಹಾಡಿ ಹೊಗಳಿದ್ದಾರೆ. ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಬರುವ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ತುಮಕೂರಿನ ಮನೆಮನೆಗೆ ಹೋಗುತ್ತದೆ. ಆದರೆ ನೀರು ಬಂದರೆ ಸಾಲದು, ನಿಲ್ಲಲು ಜಾಗವೂ ಇರಬೇಕು. ಹೂಳು ತುಂಬಿದ ಕೆರೆ ಒಂದೆರಡು ಮಳೆಗೇ ಕೋಡಿ ಬೀಳುತ್ತದೆ. ನೋಡಿದವರಿಗೆ ಸಂತೋಷವೋ ಸಂತೋಷ. ಬೇಸಿಗೆ ಬಂದಾಗ ಅದರಲ್ಲಿ ದನಕ್ಕೆ ಕುಡಿಸಲೂ ನೀರಿರುವುದಿಲ್ಲ.

ನಮ್ಮ ಭಕ್ತಿಯೂ ಹಲವು ಸಲ ಹೀಗೆಯೇ ಕೋಡಿ ಬೀಳುತ್ತದೆ. ಧ್ಯಾನಕೂಟದಲ್ಲಿ ಮೂರು ದಿನ ಹಾಡು, ಚಪ್ಪಾಳೆ, ಕಣ್ಣೀರು. ನಾಲ್ಕನೆಯ ದಿನ ಮನೆಯಲ್ಲಿ ಅದೇ ಬೈಗುಳ, ಅದೇ ಬಾಟಲಿ. ದೇವರು ವರಪ್ರಸಾದವನ್ನು ಕಡಿಮೆ ಸುರಿಸಿದರೇ? ಇಲ್ಲ, ನಿಲ್ಲಲು ನಾವು ಜಾಗ ಕೊಡಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ ನೋಡಿ. ಸಂತ ಪೌಲರು ಎಫೆಸ ಪಟ್ಟಣದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿದರು. ಅಲ್ಲಿನ ಮಾಟಮಂತ್ರದವರು ಅನೇಕರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟುಹಾಕಿದರು. ಲೆಕ್ಕ ಹಾಕಿದಾಗ ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ. ಆಗಿನ ಕಾಲಕ್ಕೆ ಒಂದು ನಾಣ್ಯವೆಂದರೆ ಹೆಚ್ಚುಕಡಿಮೆ ಕೂಲಿಯವನ ಒಂದು ದಿನದ ಸಂಬಳ. ಮಾರಿದ್ದರೆ ಒಳ್ಳೆಯ ದುಡ್ಡೇ ಬರುತ್ತಿತ್ತು. ಮಾರಲಿಲ್ಲ. ಮಾರಿದ್ದರೆ ಆ ಕೇಡು ಇನ್ನೊಬ್ಬರ ಮನೆ ಸೇರುತ್ತಿತ್ತು.

ಇನ್ನೊಂದು ಮಾತನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಂದು ಮುಂದೆ ಬಂದು ತಪ್ಪೊಪ್ಪಿಕೊಂಡವರು ಆಗಲೇ ವಿಶ್ವಾಸಿಗಳಾಗಿದ್ದವರು! ಪ್ರಭುವನ್ನು ನಂಬಿದ ಮೇಲೂ ಹಳೆಯದನ್ನು ಕೈಬಿಡದೆ ಇಟ್ಟುಕೊಂಡಿದ್ದರು. ಆದ್ದರಿಂದ ಈ ಅಧ್ಯಾಯ ದೀಕ್ಷಾಸ್ನಾನ ಪಡೆದ ನಮಗಾಗಿಯೇ ಇದೆ.

ನಮ್ಮ ಮನೆಗಳಲ್ಲಿ ಏನು ಉಳಿದಿದೆ? ಮಾತೆಯ ಪಟದ ಹಿಂದೆ ಒಂದು ತಾಯತ. ಬಲಿಪೂಜೆಗೆ ತಪ್ಪದೆ ಬಂದರೂ ರಾಹುಕಾಲ ನೋಡದೆ ಹೊಸಿಲು ದಾಟದ ಕಾಲು. ಮದುವೆಯ ಮಾತು ಬಂದಾಗ ಮಾತ್ರ ನೆನಪಾಗುವ ಜಾತಿ. ಎರಡು ತೆಂಗಿನ ಮರಕ್ಕಾಗಿ ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮ, ಇಬ್ಬರೂ ಪರಮಪ್ರಸಾದದ ಒಂದೇ ಸಾಲಿನಲ್ಲಿ. ಇವುಗಳಲ್ಲಿ ಕೊನೆಯದೇ ಅತ್ಯಂತ ಗಟ್ಟಿಯಾದ ಹೂಳು ಎಂದು ನನಗನ್ನಿಸುತ್ತದೆ. ತಾಯತವನ್ನು ಒಂದು ಕ್ಷಣದಲ್ಲಿ ಕಿತ್ತೆಸೆಯಬಹುದು, ಹಗೆಯನ್ನು ಹಾಗೆ ಕಿತ್ತೆಸೆಯಲಾಗದು.

ತಪಸ್ಸುಕಾಲದಲ್ಲಿ ನಾವು ಮಾಂಸ ಬಿಡುತ್ತೇವೆ, ಕೆಲವರು ಕುಡಿತ ಬಿಡುತ್ತಾರೆ. ಒಳ್ಳೆಯದೇ. ಆದರೆ ಪಾಸ್ಖ ಹಬ್ಬಕ್ಕೆ ದಿನ ಎಣಿಸಿ, ಅಂದು ಸಂಜೆ ಬಡ್ಡಿ ಸಮೇತ ವಸೂಲಿ ಮಾಡುವವರೂ ಇದ್ದಾರೆ. ತೆಗೆದ ಹೂಳನ್ನು ಕೆರೆಯ ಒಳಬದಿಯಲ್ಲೇ ಗುಡ್ಡೆ ಹಾಕಿದಂತಾಯಿತು. ಮೊದಲ ಮಳೆಗೆ ಅದು ಮತ್ತೆ ಕೆರೆಗೇ ಇಳಿಯುತ್ತದೆ.

ಬಲ್ಲ ರೈತರು ಹಾಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ, ತೋಟಕ್ಕೆ ಸಾಗಿಸುತ್ತಾರೆ. ಕೆರೆಗೆ ಭಾರವಾಗಿದ್ದದ್ದು ತೆಂಗಿನ ಬುಡಕ್ಕೆ ಗೊಬ್ಬರ. ಜಕ್ಕಾಯನೂ ಹಾಗೆಯೇ ಮಾಡಿದ. ಇನ್ನು ಮುಂದೆ ಮೋಸ ಮಾಡುವುದಿಲ್ಲ ಎಂದಷ್ಟೇ ಹೇಳಿ ಅವನು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಹೋದವರಿಗೆ ನಾಲ್ಕರಷ್ಟು ಎಂದ. ಕುಡಿತಕ್ಕೆ ಹೋಗುತ್ತಿದ್ದ ಹಣ ಮಗಳ ಕಾಲೇಜು ಶುಲ್ಕವಾಗಲಿ. ಚಟ ಬಿಟ್ಟವನು ಇನ್ನೂ ಬಿಡಲಾರದೆ ಒದ್ದಾಡುತ್ತಿರುವವನ ಪಕ್ಕದಲ್ಲಿ ಹೋಗಿ ಕೂರಲಿ.

ಪಾಸ್ಖ ಜಾಗರಣೆಯ ರಾತ್ರಿ ಗುರುಗಳು ಸೈತಾನನನ್ನೂ ಅವನ ಕಾರ್ಯಗಳನ್ನೂ ತೊರೆಯುವಿರಾ ಎಂದು ನಮ್ಮನ್ನು ಕೇಳುತ್ತಾರೆ. ಎಲ್ಲರೂ ಒಟ್ಟಾಗಿ ಉತ್ತರಿಸುವುದು ಸುಲಭ. ಅದಕ್ಕೆ ಮೊದಲು ಪಾಪನಿವೇದನೆಗೆ ಹೋಗಿ, ತೊರೆಯಬೇಕಾದ ಒಂದನ್ನಾದರೂ ಹೆಸರು ಹಿಡಿದು ಹೇಳಿ. ಆ ರಾತ್ರಿ ನಮ್ಮ ಕೈಯಲ್ಲಿರುವ ಮೇಣದಬತ್ತಿಯನ್ನು ಪಕ್ಕದವರ ಬತ್ತಿಯಿಂದ ಹೊತ್ತಿಸಿಕೊಳ್ಳುತ್ತೇವಲ್ಲ, ಈ ಸಲ ಪಕ್ಕದಲ್ಲಿ ನಿಂತವನು ಆ ತಮ್ಮನೇ ಆಗಿರಬಹುದು.