ಮಾಡಿಸಿದವರ ಹೆಸರು

ಕನ್ನಡದಲ್ಲಿ ಒಂದು ಚಿಕ್ಕ ಪ್ರತ್ಯಯ ದೊಡ್ಡ ಕೆಲಸ ಮಾಡುತ್ತದೆ. ಮಾಡು ಎಂಬುದು ಮಾಡಿಸು ಆಗುತ್ತದೆ, ಕಟ್ಟು ಎಂಬುದು ಕಟ್ಟಿಸು. ನಡುವೆ ಒಂದು ‘ಇಸು’ ಬಂದರೆ ಸಾಕು, ಕೈ ಕೆಸರು ಮಾಡಿಕೊಂಡವನು ಹಿಂದೆ ಸರಿದು ಹಣ ಕೊಟ್ಟವನು ಕರ್ತೃವಾಗುತ್ತಾನೆ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವನ ಹೆಸರು, ಬಿರುದು, ವಂಶ ಎಲ್ಲ ಇರುತ್ತದೆ. ಮಣ್ಣು ಹೊತ್ತವರ ಹೆಸರು ಸಿಗುವುದು ಅಪರೂಪ. ಆದರೆ ಮಾಡಿಸಿದ್ದು ಕೆರೆಯಾಗಿರದೆ, ಹೇಳಿಕೊಳ್ಳಲು ನಾಚಿಕೆಯಾಗುವ ವಸ್ತುವಾಗಿದ್ದರೆ? ಆಗ ಲೆಕ್ಕ ತಲೆಕೆಳಗಾಗುತ್ತದೆ. ಮಾಡಿದವರ ಮುಖ ಉಳಿಯುತ್ತದೆ, ಮಾಡಿಸಿದವರ ಹೆಸರು ಅಳಿಸಿಹೋಗುತ್ತದೆ. ಈ ಅದಲುಬದಲನ್ನು ಸ್ಪಷ್ಟವಾಗಿ ನೋಡಬೇಕೆಂದರೆ ಸಿನಿಮಾದ ಇತಿಹಾಸದಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಮೂಲೆಗೆ ಹೋಗಬೇಕು.

ನ್ಯೂಯಾರ್ಕಿನ ಪೂರ್ವ 14ನೇ ಬೀದಿಯಲ್ಲಿ ಅರ್ವಿಂಗ್ ಕ್ಲಾ ಎಂಬಾತ ಸೋದರಿ ಪೌಲಾಳೊಂದಿಗೆ ಸಿನಿಮಾ ತಾರೆಯರ ಫೋಟೊ ಮಾರುವ ಅಂಗಡಿ ನಡೆಸುತ್ತಿದ್ದ. ವ್ಯಾಪಾರದ ಬಹುಪಾಲು ಅಂಚೆಯಲ್ಲೇ. ಗಿರಾಕಿಗಳಲ್ಲಿ ಕೆಲವರು ಬೇರೆ ಬಗೆಯ ಚಿತ್ರಗಳನ್ನು ಕೇಳತೊಡಗಿದರು: ಹಗ್ಗದಲ್ಲಿ ಕಟ್ಟಿಹಾಕಿದ ಹೆಣ್ಣು, ಮೊಣಕೈ ದಾಟುವ ಕೈಗವಸು, ನಡೆಯಲೂ ಆಗದಷ್ಟು ಎತ್ತರದ ಹಿಮ್ಮಡಿಯ ಚಪ್ಪಲಿ. ಕ್ಲಾ ಅವನ್ನು ತೆಗೆಸಿಕೊಟ್ಟ. ಆಮೇಲೆ ಅದೇ ಬಗೆಯ ಪುಟ್ಟ ಮೂಕಿ ಚಿತ್ರಗಳೂ ಬಂದವು. 1952ರಿಂದ 1957ರವರೆಗೆ ಅವುಗಳಲ್ಲಿ ಹೆಚ್ಚು ಕಾಣಿಸಿಕೊಂಡವಳು ಬೆಟ್ಟಿ ಪೇಜ್. ಅವುಗಳಲ್ಲಿ ಗಂಡಸರಿಲ್ಲ, ಸಂಭೋಗವಿಲ್ಲ, ಬೆತ್ತಲೆಯಿಲ್ಲ. ಕಾನೂನಿನ ಭಯದಿಂದ ಕ್ಲಾ ಆ ಎಚ್ಚರ ವಹಿಸುತ್ತಿದ್ದ. ಹೆಂಗಸರು ಒಬ್ಬರನ್ನೊಬ್ಬರು ಕಟ್ಟುತ್ತಾರೆ, ಹೊಡೆದಂತೆ ನಟಿಸುತ್ತಾರೆ, ಬಿಚ್ಚುತ್ತಾರೆ. ಎಲ್ಲವೂ ನಟನೆಯೆಂದು ನೋಡಿದ ಯಾರಿಗಾದರೂ ತಿಳಿಯುತ್ತದೆ.

ಮೂರು ದಶಕಗಳ ನಂತರ, 1980ರ ದಶಕದ ಕೊನೆಗೆ, ನ್ಯೂಜೆರ್ಸಿಯಲ್ಲಿ ಗ್ಯಾರಿ ವಿಟ್ಸನ್ ಎಂಬ ಶಾಲಾಮಾಸ್ತರ ಇದೇ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದ. ಅವನ ‘ವೇವ್ ಪ್ರೊಡಕ್ಷನ್ಸ್’ಗೆ ಅಭಿಮಾನಿಗಳು ತಮ್ಮದೇ ಕಥೆ ಬರೆದು ಹಣದೊಂದಿಗೆ ಕಳಿಸುತ್ತಿದ್ದರು. ಕೆಸರಿನಲ್ಲಿ ಮೆಲ್ಲಗೆ ಮುಳುಗುವ ನಾಯಕಿ, ಕತ್ತು ಹಿಸುಕುವ ಮುಸುಕುಧಾರಿ, ಸುಳ್ಳು ರಕ್ತ, ಮನೆಯ ಹಜಾರವೇ ಸೆಟ್ಟು. ವಿಡಿಯೊ ಕ್ಯಾಮೆರಾದಲ್ಲಿ ತೆಗೆದು ಕ್ಯಾಸೆಟ್ ಮಾಡಿ ಕಳಿಸುವುದು, ಅದನ್ನೇ ಉಳಿದವರಿಗೂ ಮಾರುವುದು. ಹೀಗೆ ನೂರಾರು ಚಿತ್ರಗಳಾದವು. ಇವಕ್ಕೆ ಇಂದು ನಿಷ್ಠಾವಂತ ಪ್ರೇಕ್ಷಕರಿದ್ದಾರೆ. 2020ರಲ್ಲಿ ವಿಟ್ಸನ್ನನ ಕಂಪನಿಯ ಬಗ್ಗೆ ಒಂದು ಸಾಕ್ಷ್ಯಚಿತ್ರವೇ ಬಂತು.

ಇಂಥ ಚಿತ್ರಗಳ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಒಂದು, ಇದು ಅಶ್ಲೀಲವೇ? ಎರಡು, ನಟಿಸಿದವರ ಒಪ್ಪಿಗೆ ಇತ್ತೇ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಮೊದಲನೆಯದು ಚಿತ್ರವನ್ನು ನೋಡುತ್ತದೆ, ಎರಡನೆಯದು ಚಿತ್ರದೊಳಗಿನ ಹೆಣ್ಣನ್ನು ನೋಡುತ್ತದೆ. ಈ ಎಲ್ಲಕ್ಕೂ ಮೊದಲು ಒಂದು ಕಾಗದದಲ್ಲಿ ‘ಹೀಗೆ ಬೇಕು’ ಎಂದು ಬರೆದು, ನೋಟುಗಳ ಜೊತೆ ಮಡಿಸಿ, ಅಂಚೆಪೆಟ್ಟಿಗೆಗೆ ಹಾಕಿ ಮನೆಗೆ ಹೋದವನನ್ನು ಎರಡೂ ನೋಡುವುದಿಲ್ಲ.

ಕ್ಲಾನ ಕಥೆಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 1955ರಲ್ಲಿ ಬಾಲಾಪರಾಧದ ಕಾರಣ ಹುಡುಕುತ್ತಿದ್ದ ಅಮೆರಿಕದ ಸೆನೆಟ್ ಉಪಸಮಿತಿ, ಎಸ್ಟಿಸ್ ಕೆಫಾವರ್ ನೇತೃತ್ವದಲ್ಲಿ, ಅವನನ್ನು ಕರೆಸಿತು. ಬೆಟ್ಟಿ ಪೇಜ್‌ಗೂ ಸಮನ್ಸ್ ಹೋಯಿತು. ಆಕೆ ಹೋಗಿ ಗಂಟೆಗಟ್ಟಲೆ ಕಾದಳು. ಕೊನೆಗೂ ಒಳಗೆ ಕರೆಯಲಿಲ್ಲ. ಮುಂದೆ ಕ್ಲಾ ತನ್ನ ನೆಗೆಟಿವ್‌ಗಳನ್ನು ಸುಟ್ಟ. ಪೌಲಾ ಗುಟ್ಟಾಗಿ ತೆಗೆದಿಟ್ಟಷ್ಟು ಮಾತ್ರ ಉಳಿದವು. ಬೆಟ್ಟಿ ಆ ಲೋಕವನ್ನೇ ಬಿಟ್ಟುಹೋದಳು. ಹಲವು ವರ್ಷಗಳ ಮೇಲೆ ಅವಳ ಚಿತ್ರಗಳು ಪೋಸ್ಟರು, ಅಂಗಿ, ಪುಸ್ತಕಗಳ ಮೇಲೆ ಮತ್ತೆ ಮೆರೆದಾಗ, ಬಹುಕಾಲ ಅದರ ಹಣವೂ ಅವಳಿಗೆ ಸೇರಲಿಲ್ಲ. ಇಷ್ಟರಲ್ಲಿ ಆ ಚಿತ್ರಗಳನ್ನು ಹೇಳಿ ತೆಗೆಸಿದವರು ತಮ್ಮ ತಮ್ಮ ಊರಿನಲ್ಲಿ, ತಮ್ಮ ತಮ್ಮ ಮರ್ಯಾದೆಯಲ್ಲಿ ಬದುಕಿ ತೀರಿಹೋಗಿರಬೇಕು.

ವಿಚಿತ್ರವೆಂದರೆ, ಆ ಅದೃಶ್ಯ ಗಿರಾಕಿಯನ್ನು ಕೊನೆಗೆ ನೆನಪಿಸಿಕೊಂಡದ್ದು ನ್ಯಾಯಾಲಯ. ಅಶ್ಲೀಲ ಸಾಮಗ್ರಿಯನ್ನು ಅಂಚೆಯಲ್ಲಿ ಕಳಿಸಿದನೆಂದು ಕ್ಲಾನಿಗೆ ಶಿಕ್ಷೆಯಾಗಿತ್ತು. 1965ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಈ ಚಿತ್ರಗಳು ಯಾರ ಕಾಮವನ್ನು, ಹೇಗೆ ಕೆರಳಿಸುತ್ತವೆ ಎಂಬುದಕ್ಕೆ ಸರ್ಕಾರ ಪುರಾವೆ ಕೊಟ್ಟಿಲ್ಲ. ಜ್ಯೂರಿಯವರು ತಮಗೆ ಅನುಭವವಿಲ್ಲದ ಬಯಕೆಯ ಬಗ್ಗೆ ಬರೀ ಊಹೆಯ ಮೇಲೆ ತೀರ್ಪು ಕೊಡಲಾಗದು ಎಂಬುದು ಅದರ ತರ್ಕದ ಸಾರ. ಇದನ್ನು ಕಾನೂನಿನ ಸೂಕ್ಷ್ಮ ಎಂದು ಬದಿಗೆ ಸರಿಸಬಹುದು. ನನಗೆ ಅದರಲ್ಲಿ ಒಂದು ನೈತಿಕ ಸತ್ಯ ಕಾಣುತ್ತದೆ. ಕೈಗವಸು ತೊಟ್ಟ ಹೆಣ್ಣಿನ ಚಿತ್ರದಲ್ಲಿ ಕಾಮವೆಲ್ಲಿದೆ? ಅದು ಕೈಗವಸಿನಲ್ಲೂ ಇಲ್ಲ, ಕೂಲಿಗೆ ನಿಂತ ಹೆಣ್ಣಿನಲ್ಲೂ ಇಲ್ಲ. ಅದು ಬಯಸಿದವನಲ್ಲಿದೆ. ಅವನನ್ನು ಬಿಟ್ಟು ಅವಳನ್ನು ವಿಚಾರಿಸುವುದು, ಕನಸು ಕಂಡವನನ್ನು ಬಿಟ್ಟು ಕನಸಿನಲ್ಲಿ ಬಂದವರನ್ನು ಠಾಣೆಗೆ ಕರೆದಂತೆ.

ಹಾಗಾದರೆ ಗಿರಾಕಿಗಳ ಪಟ್ಟಿ ಹೊರಗೆ ಬರಬೇಕಿತ್ತೇ? ಖಂಡಿತ ಬೇಡ. ಮನುಷ್ಯನ ಬಯಕೆ ಅವನೇ ಆರಿಸಿಕೊಂಡದ್ದಲ್ಲ. ಯಾರಿಗೂ ನೋವು ಮಾಡದೆ, ನಟನೆಯಲ್ಲೇ ಅದನ್ನು ತೀರಿಸಿಕೊಳ್ಳುವ ದಾರಿ ಹುಡುಕಿದವನನ್ನು ಚೌಕದಲ್ಲಿ ನಿಲ್ಲಿಸುವುದು ಕ್ರೌರ್ಯ. ಈ ವ್ಯವಹಾರದಲ್ಲಿ ಒಂದು ಮಾನವೀಯ ಎಳೆಯೂ ಇದೆ. ಆಪ್ತರೆದುರು ಕೂಡ ಬಾಯಿಬಿಡಲಾಗದ್ದನ್ನು ಒಬ್ಬ ಕಾಗದದಲ್ಲಿ ಬರೆಯುತ್ತಾನೆ. ಅಪರಿಚಿತರು ಅದನ್ನು ಓದಿ, ಗೇಲಿ ಮಾಡದೆ, ಅವನು ಹೇಳಿದ ಬಣ್ಣದ ಅಂಗಿಯನ್ನೇ ತೊಟ್ಟು ಆಡಿ ತೋರಿಸುತ್ತಾರೆ. ಆ ಕ್ಯಾಸೆಟ್ಟನ್ನು ಇನ್ನೂ ಹತ್ತು ಮಂದಿ ಕೊಂಡರೆ, ತಾನೊಬ್ಬನೇ ಹೀಗಲ್ಲ ಎಂಬ ಸಮಾಧಾನವೂ ಇದೆ. ಇದನ್ನು ಕೀಳೆನ್ನುವ ಮೊದಲು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸನ್ನು ನೆನೆಯಬೇಕು. 1866ರಲ್ಲಿ ಕೂರ್ಬೆ ಬರೆದ, ಮುಖವೇ ಇಲ್ಲದ ಬೆತ್ತಲೆ ಹೆಣ್ಣಿನ ಚಿತ್ರ ಹಲೀಲ್ ಬೇ ಎಂಬ ಶ್ರೀಮಂತ ರಾಯಭಾರಿಯ ಮನೆಯಲ್ಲಿ ಪರದೆಯ ಹಿಂದಿತ್ತು. ಇಂದು ಅದು ಓರ್ಸೆ ಮ್ಯೂಸಿಯಮ್ಮಿನಲ್ಲಿದೆ. ರಾಯಭಾರಿಯ ಹೆಸರು ಕಲೆಯ ಇತಿಹಾಸದಲ್ಲಿ ಪೋಷಕನೆಂದು ದಾಖಲಾಗಿದೆ. ಉಳ್ಳವನು ಮಾಡಿಸಿದರೆ ಆಶ್ರಯ, ಗುಮಾಸ್ತ ಮಾಡಿಸಿದರೆ ಹೊಲಸು ಎಂಬುದು ನೀತಿಯಲ್ಲ, ಅಂತಸ್ತು.

ಹೆಸರು ಮುಚ್ಚಿಟ್ಟುಕೊಳ್ಳುವ ಹಕ್ಕು ಗಿರಾಕಿಗೆ ಇದೆ ಎಂದೇ ಒಪ್ಪೋಣ. ಆದರೆ ಆ ಹಕ್ಕಿನ ಬೆಲೆಯನ್ನು ಯಾರು ತೆರುತ್ತಾರೆ? ಅವನ ಕತ್ತಲೆ ಸಾಧ್ಯವಾಗುವುದು ಇನ್ನೊಬ್ಬಳು ಬೆಳಕಿನಲ್ಲಿ ನಿಂತಾಗ ಮಾತ್ರ. ಅವಳು ಒಂದು ಮಧ್ಯಾಹ್ನದ ಕೂಲಿಗೆ ಒಪ್ಪಿದಳು, ನಿಜ. ಒಬ್ಬನ ಕಪಾಟಿನಲ್ಲಿರಲಿ ಎಂದು ತೆಗೆದ ಚಿತ್ರ ಎಪ್ಪತ್ತು ವರ್ಷ ಊರೆಲ್ಲ ತಿರುಗಲಿ ಎಂದು ಒಪ್ಪಿರಲಿಲ್ಲ. ಒಪ್ಪಿಗೆ ಎಂಬುದು ಸಹಿಯಷ್ಟೇ ಅಲ್ಲ, ಅದಕ್ಕೆ ಅಳತೆಯೂ ಇದೆ. ಮಾಡಿದವ, ಮಾಡಿಸಿದವ, ಪ್ರೇರೇಪಿಸಿದವ, ತಲೆದೂಗಿದವ, ಈ ನಾಲ್ವರಿಗೂ ಫಲ ಸಮ ಎಂಬ ಹಳೆಯ ಮಾತನ್ನು ನಾವು ಪುಣ್ಯದ ಪಾಲಿಗೆ ಮಾತ್ರ ಬಳಸುತ್ತೇವೆ. ಅಪವಾದದ ಪಾಲಿಗೂ ಬಳಸಿದರೆ ಮಾಡಿಸಿದವನ ಮೇಲೆ ಒಂದು ಸಾಲ ಉಳಿಯುತ್ತದೆ. ಅವನು ಹೆಸರು ಹೇಳಬೇಕಿಲ್ಲ. ಆದರೆ ಮರುದಿನ ಕಚೇರಿಯಲ್ಲಿ, ಮನೆಯಲ್ಲಿ, ನಾಲ್ಕು ಜನರ ನಡುವೆ ಅಂಥ ಹೆಂಗಸರ ಬಗ್ಗೆ ಹಗುರ ಮಾತು ಬಂದಾಗ ಅದಕ್ಕೆ ತನ್ನ ದನಿ ಸೇರಿಸದಿರುವಷ್ಟು, ಸಾಧ್ಯವಾದರೆ ತಡೆಯುವಷ್ಟು ಋಣ ಅವನಿಗಿದೆ.

ಇದು ಹಳೆಯ ಕ್ಯಾಸೆಟ್ಟುಗಳ ಕಾಲಕ್ಕೆ ಮುಗಿದ ಮಾತಲ್ಲ. ಹೇಳಿ ಮಾಡಿಸುವ ವಿಡಿಯೊ ಈಗ ಮೊಬೈಲಿನಲ್ಲೇ ಸಿಗುತ್ತದೆ. ಮಾಡುವವಳಿಗೆ ಮುಖವಿದೆ, ಮಾಡಿಸುವವನಿಗೆ ಒಂದು ಸುಳ್ಳು ಹೆಸರು. ಅದಕ್ಕಿಂತ ಮುಂದೆ, ಯಾವಳದೋ ಮುಖವನ್ನು ಯಂತ್ರಕ್ಕೆ ಕೊಟ್ಟು ಬೇಕಾದ್ದನ್ನು ಮಾಡಿಸುವ ಕಾಲವೂ ಬಂದಿದೆ. ವಿಟ್ಸನ್ನನ ಗಿರಾಕಿ ಕನಿಷ್ಠ ಒಬ್ಬಳು ‘ಆಗಲಿ’ ಅನ್ನುವವರೆಗೆ ಕಾಯಬೇಕಿತ್ತು. ‘ಈ ದೃಶ್ಯ ಮಾಡಲಾರೆ’ ಎನ್ನಲು ಅವಳಿಗೊಂದು ಬಾಯಿ ಇತ್ತು. ಯಂತ್ರ ಬೇಡವೆನ್ನುವುದು ಅದನ್ನು ಕಟ್ಟಿದವರು ತಡೆ ಹಾಕಿದಲ್ಲಿ ಮಾತ್ರ. ಮುಖ ಕೊಟ್ಟವಳಿಗಂತೂ ಆ ಅವಕಾಶವೇ ಇಲ್ಲ. ಆದರೂ ಅಂಥ ವಿಡಿಯೊ ಹೊರಬಿದ್ದಾಗ ಜನ ಮೊದಲು ಕೇಳುವುದು ‘ಯಾರವಳು?’ ಎಂದೇ. ‘ಯಾರು ಮಾಡಿಸಿದ್ದು?’ ಎಂದು ಮೊದಲು ಕೇಳಲು ನಾವಿನ್ನೂ ಕಲಿಯಬೇಕಿದೆ.